ಪರ್ಯಾಲೋಚನೆ ಎಂದರೇನು ಎಂದು ಗಂಗಮ್ಮನವರು ಕೇಳಿದಾಗ

ಮಾನ್ಯರೇ,

ನ್ಯಾಮತಿ ಸಮೀಪದ ನಮ್ಮೂರಿನ ಅಂಗನವಾಡಿ ಸಮಿತಿಯ ಸದಸ್ಯರಾದ ಗಂಗಮ್ಮನವರು ನಡಾವಳಿ ಪುಸ್ತಕಕ್ಕೆ ಸಹಿ ಮಾಡಲು ಒಪ್ಪಲಿಲ್ಲ. ಹೊಸ ಕಟ್ಟಡವನ್ನು ಬಸ್ ರಸ್ತೆಯ ಆಚೆ ಕಟ್ಟಲು "ಸರ್ವ ಸದಸ್ಯರೂ ಪರ್ಯಾಲೋಚಿಸಿ ತೀರ್ಮಾನಿಸಿದರು" ಎಂದು, ವಾಡಿಕೆಯಂತೆ, ಕಾರ್ಯಕರ್ತೆಯಾದ ನಾನು ಸಭೆಗೆ ಮುಂಚೆಯೇ ಬರೆದಿಟ್ಟಿದ್ದೆನು.

"ಪರ್ಯಾಲೋಚನೆ ಅಂದ್ರೆ ಏನ್ ಟೀಚರಮ್ಮ?"

"ಎಲ್ಲರೂ ಕೂತು, ಒಳ್ಳೇದು ಕೆಟ್ಟದ್ದು ವಿಚಾರ ಮಾಡೋದು ರೀ."

"ನಾವಿನ್ನೂ ಕುಂತೇ ಇಲ್ವಲ್ಲ. ನನ್ನ ಮೊಮ್ಮಗಳು ಆ ರಸ್ತೆ ಹೆಂಗೆ ದಾಟ್ತಾಳೆ, ಅದನ್ನ ಮೊದಲು ಹೇಳ್ರಿ."

ಎಲ್ಲರೂ ಕುಳಿತರು. ಎರಡು ಗಂಟೆ ವಾದ ನಡೆದು, ಕಟ್ಟಡದ ಜಾಗ ರಸ್ತೆಯ ಈಚೆಗೆ ನಿಗದಿಯಾಯಿತು.

ಹಿಂದಿನ ಸಭೆಗಳಲ್ಲಿ ಪರ್ಯಾಲೋಚನೆಯು ನಿಜವಾಗಿ ಎಲ್ಲೆಲ್ಲಿ ನಡೆದಿತ್ತೆಂದು ಹಳೆಯ ಪುಟಗಳಲ್ಲಿ ಹುಡುಕುತ್ತಿದ್ದು, ಇದುವರೆಗೆ ಒಂದೂ ದೊರೆತಿಲ್ಲವೆಂದು ಈ ಮೂಲಕ ತಿಳಿಯಪಡಿಸುತ್ತೇನೆ.