ಮಾತಿನ ಮೇಲೆ ಹಚ್ಚಿದ ಚೀಟಿ

ಬೆಳಿಗ್ಗೆ ನಳ ಬಂತು, ಎರಡು ಡ್ರಮ್ಮು ತುಂಬಿಸಿದೆ. ಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸಿಕೊಂಡು ಬಂದೆ. ಮೆಣಸಿನಕಾಯಿ ತೊಟ್ಟು ಮುರಿದೆ. ಕೌದಿಗಳಿಗೆ ಬಿಸಿಲು ತೋರಿಸೋಣವೆಂದು ಟ್ರಂಕು ತೆರೆದರೆ ಗಪ್ಪನೆ ಹುಳಿ ವಾಸನೆ ಮೂಗಿಗೆ ಬಡಿಯಿತು... ಮೈದಾ ಅಂಟಿನದು, ಜೊತೆಗೆ ಹುಳ ಹತ್ತದಿರಲೆಂದು ಹಾಕಿದ ಮೈಲುತುತ್ತದ ಒಗರು. ತಳದಲ್ಲಿ ಆ ಕಾಮಿಕ್ಸ್ ಇತ್ತು. ಎತ್ತಿಕೊಂಡದ್ದೇ ತಡ, ಒಣಗಿದ ಚೀಟಿಗಳು ಬೇವಿನ ಎಲೆಯಂತೆ ಉದುರಿದವು.

ದೇವದುರ್ಗದ ಬಸ್ ಸ್ಟ್ಯಾಂಡಿನ ಹಿಂದೆ, ಅದನ್ನು ಬಾಡಿಗೆಗೆ ಕೊಟ್ಟವಳ ಅಂಗಡಿ ಇತ್ತು. ಹಳ್ಳಿಯಿಂದ ಸಂತೆಗೆ ಬರುತ್ತಿದ್ದ ನಾವೆಲ್ಲ ಅವಳನ್ನು ಅತ್ತಿ ಎನ್ನುತ್ತಿದ್ದೆವು. ಯಾರ ಅತ್ತಿಯೂ ಅಲ್ಲ. ಒಂದು ಕಡೆ ಬಳೆ, ರಿಬ್ಬನ್ನು. ಇನ್ನೊಂದು ಕಡೆ ಹಗ್ಗಕ್ಕೆ ನೇತುಹಾಕಿದ ಬಾಡಿಗೆ ಕಾಮಿಕ್ಸು. ಎಲ್ಲ ಹೈದರಾಬಾದಿನಿಂದ ರದ್ದಿಯಲ್ಲಿ ಬಂದ ಹಿಂದಿ ಪುಸ್ತಕಗಳು. ನಮಗೆ ಹಿಂದಿ ಎಲ್ಲಿ ಬರಬೇಕು? ಗಿರಾಕಿ ಇಲ್ಲದ ಮಧ್ಯಾಹ್ನ ಅತ್ತಿ ಬಿಳಿ ಹಾಳೆ ಕತ್ತರಿಸಿ, ದುಂಡನೆಯ ಅಕ್ಷರದಲ್ಲಿ ಕನ್ನಡ ಬರೆದು, ಚಿತ್ರದ ಒಂದೊಂದು ಮಾತಿನ ಗುಳ್ಳೆಯ ಮೇಲೂ ಅಂಟಿಸುತ್ತಿದ್ದಳು. ಆಕಾಶದಲ್ಲಿ ಹಾರುವವರೂ ನಮ್ಮ ಸಂತಿಯವರಂತೆ ಮಾತಾಡುತ್ತಿದ್ದರು: "ಲೇ ರಾಕ್ಷಸಾ, ನಿಂದು ಭಾಳ ಆತು, ಇಳಿ ಕೆಳಗ!"

ಟ್ರಂಕಿನಲ್ಲಿದ್ದದ್ದು ಒಂದು ಮಾಲಿಕೆಯ ಕೊನೆಯ ಪುಸ್ತಕ. ಮೂವರು ಎಳೆಯ ವೀರರು ಕಾಲದ ಗವಿ ದಾಟಿ, ಮುದುಕರಾದ ತಮ್ಮನ್ನೇ ಭೇಟಿಯಾಗುತ್ತಾರೆ. ನನಗೆ ಸೇರುತ್ತಿದ್ದವಳು ಸಿಡಿಲು ಹಿಡಿಯುವ ಹುಡುಗಿ. ಅವಳೆದುರು ನರೆಗೂದಲಿನ ಅವಳೇ, ಸುಟ್ಟ ಅಂಗೈ ಎತ್ತಿ ನಿಂತಿದ್ದಾಳೆ. ಚೀಟಿಯ ಮಾತು ನನಗಿನ್ನೂ ಬಾಯಿಪಾಠ: "ನನ್ನ ಕೈ ಸುಟ್ಟಾವ, ಖರೆ. ಆದ್ರ ನನ್ನ ಅಂಜಿಕಿ ನಿನಗ ಕೊಡಾಕ ಬಂದಿಲ್ಲ. ಮುಂದ ಹೋಗು. ದೊಡ್ಡೋರು ತಡದ್ರ ಬಾಜೂ ಹಾದು ಹೋಗು." ಎತ್ತಿದ ಆ ಕೈಯನ್ನು ನಾನು ಆಶೀರ್ವಾದ ಎಂದೇ ತಿಳಿದಿದ್ದೆ.

ಆ ಬೇಸಿಗೆಗೆ ನನ್ನ ಏಳನೆಯ ಇಯತ್ತೆ ಮುಗಿದಿತ್ತು. ಹೈಸ್ಕೂಲಿಗೆ ನಮ್ಮ ಹಳ್ಳಿಯಿಂದ ದೇವದುರ್ಗಕ್ಕೆ ಬಸ್ಸಿನಲ್ಲಿ ಹೋಗಬೇಕು. ಅಜ್ಜ ಸಾಕು ಎಂದುಬಿಟ್ಟಿದ್ದ. ನಾನು ಪುಸ್ತಕ ತೆರೆದು ಮುದುಕಿಯ ಆ ಮಾತನ್ನೇ ಅವನೆದುರು ಗಟ್ಟಿಯಾಗಿ ಓದಿದೆ. ಅಜ್ಜನಿಗೆ ಓದು ಬಾರದು. ಆದರೆ ಪುಸ್ತಕವೆಂದರೆ ಅವನಿಗೆ ಶರಣರ ಮಾತು, ಯಾವುದೇ ಇರಲಿ.

"ಹಂಗಂತ ಪುಸ್ತಕದಾಗ ಬರದಾರೇನಬೇ?"

"ಬರದಾರ ಯಜ್ಜಾ. ನೋಡು, ಇಲ್ಲೇ."

ಅಜ್ಜ ಕೈ ತೊಳೆದು ಬಂದು, ಪುಸ್ತಕವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ದೇವರ ಜಗಲಿಯ ಮೇಲೆ ಇಟ್ಟ. ಪ್ಯಾಂಟಿನ ಮೇಲೆ ಚಡ್ಡಿ ಹಾಕಿದ ವೀರರಿಗೆ ದಿನಾಲೂ ವಿಭೂತಿ ಬಿತ್ತು. ಜೂನಿನಲ್ಲಿ ನಾನು ಬಸ್ಸು ಹತ್ತಿದೆ.

ಪುಸ್ತಕ ಮರಳಿ ತರುವ ಹಾಗಿಲ್ಲ ಎಂದು ಕಥೆ ಹೇಳಿದಾಗ ಅತ್ತಿಯ ಕುಂಚ ಅಂಟಿನ ಬಟ್ಟಲಿನಲ್ಲೇ ನಿಂತಿತು. "ಖರೇನ ಕಣ್ಣಿಗೆ ಒತ್ಕೊಂಡ್ರಾ?" ಎಂದು ನಕ್ಕೇ ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಲ್ಲೇ ಇರಲಿ ಬಿಡು." ಯಾಕೆ ಅತ್ತಳೆಂದು ನಾನು ಕೇಳಲಿಲ್ಲ...

ಇವತ್ತು ತಿಳಿಯಿತು. ಚೀಟಿ ಉದುರಿದ ಗುಳ್ಳೆಯೊಳಗೆ ಹಿಂದಿ ಹಾಗೇ ಇತ್ತು, ಈಗ ನನಗೆ ಓದಲು ಬರುತ್ತದೆ. ಮುದುಕಿ ಹೇಳಿದ್ದು ಇಷ್ಟೇ: ನಿಲ್ಲು. ಇದು ನಿನ್ನ ಕೆಲಸವಲ್ಲ. ಮನೆಗೆ ಹೋಗು. ಎತ್ತಿದ ಕೈ ತಡೆಯುವ ಕೈ. ಮುಂದಿನ ಚಿತ್ರದಲ್ಲಿ ಹುಡುಗಿ ಹೊರಟದ್ದು ಮನೆಗೆ. ಯುದ್ಧಕ್ಕೆ ಎಂದುಕೊಂಡಿದ್ದೆ ನಾನು. ಉಳಿದ ಚೀಟಿಗಳ ಕೆಳಗೂ ನೋಡಿದೆ. ಅಲ್ಲೆಲ್ಲ ಹಿಂದಿಯಲ್ಲಿದ್ದದ್ದೇ ಕನ್ನಡದಲ್ಲೂ ಇತ್ತು. ಇದೊಂದನ್ನು ಮಾತ್ರ ಅತ್ತಿ ಒಪ್ಪಿರಲಿಲ್ಲ.

ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿಯ ಕೆಳಗೆ ನಾಲ್ಕು ದಿನದಿಂದ ಇನ್ನೊಂದು ಹಾಳೆ ಇತ್ತು. ಮಗಳು ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದ್ದಾಳೆ. ಶಕ್ತಿನಗರದಲ್ಲಿ ಗುತ್ತಿಗೆದಾರನೊಬ್ಬ ಕೆಲಸ ಕೊಟ್ಟು, ಮನೆಯವರ ಒಪ್ಪಿಗೆ ಪತ್ರ ಕೇಳಿದ್ದಾನೆ, ಹುಡುಗಿಯರಿಗೆ ಮಾತ್ರ. ನಾಳೆ ಕೊಡದಿದ್ದರೆ ಕೆಲಸ ಇಲ್ಲ. ಇವರು "ನೀ ಹೇಳಿದಂಗ" ಎಂದು ಜಾರಿಕೊಂಡಿದ್ದರು. ಕರೆಂಟಿನ ಕೆಲಸವೆಂದರೆ ನನಗೆ ಅಂಜಿಕೆ. ಸಹಿ ಮಾಡಬಾರದೆಂದೇ ಇದ್ದೆ.

ಮೈದಾ ಕಲಸಿ ಒಲೆಯ ಮೇಲಿಟ್ಟೆ.

"ಏನ್ ಮಾಡಾಕತ್ತೀಬೇ ಯವ್ವಾ? ಸಹಿ ಮಾಡ್ತೀಯೋ ಇಲ್ಲೋ, ಒಂದು ಹೇಳು."

"ತಡಿ. ಅಂಟು ಆಗಲಿ."

‘ನನ್ನ ಮಗಳಿಗೆ ಅನುಮತಿ ನೀಡಿದ್ದೇನೆ’ ಎಂಬ ಅಚ್ಚಿನ ಸಾಲಿನ ಮೇಲೆ ಚೀಟಿ ಹಚ್ಚಿದೆ: ‘ಆಕೆ ಕೆಲಸ ಕಲಿತವಳು, ಬರುತ್ತಾಳೆ. ಅನುಮತಿ ಬೇಕೇ ಬೇಕಾದರೆ ಹುಡುಗರ ತಾಯಂದಿರನ್ನೂ ಕೇಳಿರಿ.’ ಕೆಳಗೆ ಸಹಿ ಮಾಡಿದೆ.

ಮಗಳು ಬಾಯಿಗೆ ಕೈ ಇಟ್ಟುಕೊಂಡಳು. "ಹರದು ಒಗಿತಾನ ಅಂವ!"

"ಒಗೀಲಿ. ಅಂಟು ಬಟ್ಟಲ ತುಂಬ ಅದ."

ಅತ್ತಿ ಕೊನೆಗೆ ಮಾನ್ವಿಯಲ್ಲಿ ತಮ್ಮನ ಮನೆ ಸೇರಿದ್ದಳಂತೆ, ಅಲ್ಲೇ ತೀರಿಕೊಂಡಳಂತೆ. ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ವರ್ಷ ಕಳೆದಿತ್ತು. ಅಂಗಡಿಯ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ನಿನ್ನ ಕಳ್ಳತನ ಸಿಕ್ಕಿತು ಅತ್ತಿ ಎಂದು ಹೇಳೋಣವೆಂದರೆ ಅವಳಿಲ್ಲ...

ರಾತ್ರಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಗಳು ಮೂರು ರೊಟ್ಟಿ ತಿಂದು ಎಲ್ಲರಿಗಿಂತ ಮೊದಲು ಮಲಗಿದಳು. ಬೆಳಗಿನ ಬಸ್ಸು ಅವಳದು.