ಪುಕ್ಕಟೆ ಗಾಳಿಯ ಮೋಟಾರು

ಈ ಫೋನಿನಲ್ಲಿ ನಾಲ್ಕು ಸಾಲು ಒತ್ತುವಷ್ಟರಲ್ಲಿ ಅದರ ಬೆನ್ನು ಬಿಸಿಯಾಗಿಬಿಡುತ್ತದೆ. ಒತ್ತಕ್ಷರ ಹುಡುಕಿ ಹುಡುಕಿ ದಣಿಯುವುದು ನನ್ನ ಬೆರಳು, ಜ್ವರ ಬರುವುದು ಅದಕ್ಕೆ! "ಅಜ್ಜೀ, ಸ್ವಲ್ಪ ಕೆಳಗಿಡು, ಪಾಪ ಅದಕ್ಕೂ ಸಾಕಾಗೇತಿ," ಎನ್ನುತ್ತಾಳೆ ಮೊಮ್ಮಗಳು. ಯಂತ್ರದ ಮೇಲಿನ ಈ ಕರುಣೆ ಅವಳ ಅಜ್ಜನಿಗೆ ಒಂದಿಷ್ಟಾದರೂ ಇದ್ದಿದ್ದರೆ, ಓದುಗ ಮಹಾಶಯರೇ, ನನ್ನ ನೌಕರಿಯ ಸಂದರ್ಶನದ ದಿನ ನಾನು ರೇಷ್ಮೆ ಅಂಚಿನ ಸೀರೆಯುಟ್ಟು ಹುನಗುಂದದ ರಸ್ತೆಯಲ್ಲಿ ಮೋಟಾರ್ ಸೈಕಲ್ ತಳ್ಳುತ್ತಿರಲಿಲ್ಲ.

ನಮ್ಮವರ ಬಳಿ ಹಳೆಯದೊಂದು ಕರಿಯ ಮೋಟಾರ್ ಸೈಕಲ್ ಇತ್ತು, ಜೊತೆಗೆ ಅದರ ಕಾರ್ಬುರೇಟರಿನ ಬಗ್ಗೆ ಸ್ವಂತದ್ದೊಂದು ಸಿದ್ಧಾಂತವೂ ಇತ್ತು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಉಣಿಸುವ ಆ ಅಂಗೈಯಗಲದ ಅಡುಗೆಮನೆಯಲ್ಲಿ ಅವರು ಪೆಟ್ರೋಲ್ ಬಿಡುವ ಸೂಜಿಯನ್ನು ಎಂದೋ ತಳಮುಟ್ಟ ಇಳಿಸಿದ್ದರು. ಗಾಳಿಯ ಸ್ಕ್ರೂವನ್ನು ಮಾತ್ರ ವಾರವಾರ ವ್ರತದಂತೆ ಸಡಿಲಿಸುತ್ತಿದ್ದರು. "ಗಾಳಿ ಪುಕ್ಕಟ ಐತಿ, ಪೆಟ್ರೋಲ್ ಪುಕ್ಕಟ ಇಲ್ಲ," ಎಂದು ಮೀಸೆ ತಿರುವುತ್ತಿದ್ದರು. ಹೀಗೆ ನಿತ್ಯ ಉಪವಾಸ ಬಿದ್ದ ಎಂಜಿನ್, ನಿಂತಲ್ಲಿ ಕೆಮ್ಮಿ ಸಾಯುತ್ತಿತ್ತು, ಓಡುವಾಗ ಕೆಂಡವಾಗುತ್ತಿತ್ತು.

ಸಂದರ್ಶನ ಇದ್ದದ್ದು ಬಾಗಲಕೋಟೆಯಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ಸಾಲಿ ಟೀಚರ್ ಕೆಲಸ. ವಯಸ್ಸಿನ ಮಿತಿ ಮುಗಿಯುತ್ತ ಬಂದಿದ್ದರಿಂದ ನನಗದೇ ಕೊನೆಯ ಅವಕಾಶ. ಇಳಕಲ್ಲಿನಿಂದ ಮುಂಜಾನೆಯ ಬಸ್ಸಿಗೆ ಹೋಗುತ್ತೇನೆಂದರೆ, "ಮನ್ಯಾಗ ಗಾಡಿ ಇಟ್ಕೊಂಡು ಬಸ್ಸಿನ್ಯಾಗ ಹೋದ್ರ ಮಂದಿ ಏನಂದಾರು?" ಎಂದು ತಡೆದರು. ಹುನಗುಂದ ಮುಟ್ಟುವಷ್ಟರಲ್ಲಿ ಎಂಜಿನ್ ಮೇಲೆ ರೊಟ್ಟಿ ಸುಡಬಹುದಿತ್ತು. ಅಲ್ಲಿಗೆ ಅದು ನಿಂತೇ ಹೋಯಿತು. ಮಂದಿ ಏನಂದರೋ ಕೇಳಿಸಲಿಲ್ಲ, ನಗುವುದಂತೂ ಕಾಣಿಸಿತು.

ಊರ ಬಾಯಿಗೇ ಮಕ್ತುಮ್‌ಸಾಬರ ರಿಪೇರಿ ಅಂಗಡಿ. ಮುಪ್ಪಿನ ಮನುಷ್ಯ, ಬಂಗಾರದಂಥ ಕೈ. ಆದರೆ ಮೋಟಾರುಗಳ ಮುಂದೆ ಕೂತು ಕೂತು ಕಿವಿ ಮುಕ್ಕಾಲು ಹೋಗಿತ್ತು. ಕಾರ್ಬುರೇಟರ್ ಹದ ಮಾಡುವಾಗ ಅವರ ಹೆಂಡತಿ ಬೀಬಿ ಹಿಂದೆ ನಿಂತು ಸದ್ದು ಕೇಳಿ, ಹದ ಬಂದಾಗ ಸೌಟಿನಿಂದ ಬೆನ್ನಿಗೆ ತಟ್ಟುತ್ತಿದ್ದಳು. ಅವಳು ಅಂದು ಬಾದಾಮಿಗೆ, ಮಗಳ ಬಾಣಂತನಕ್ಕೆ ಹೋಗಿದ್ದಳು.

"ಕೈ ಇಲ್ಲೇ ಅದಾವ್ರಿ," ಎಂದು ಮಕ್ತುಮ್‌ಸಾಬರು ತಲೆಯಾಡಿಸಿದರು. "ಕಿವಿ ಬಾದಾಮಿಗೆ ಹೋಗ್ಯಾವು."

ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ: "ನಾ ಮಗ್ಗದ ಮನಿ ಮಗಳು ಚಾಚಾ! ಕಿವಿ ನಾ ಕೊಡ್ತೇನಿ!"

"ಇದೇನ್ ಸೀರಿ ನೇಯೋದು ಅಂತ ಮಾಡೀಯೇನ?" ಎಂದರು ನಮ್ಮವರು.

ಹೌದು, ಹಾಗೆಂದೇ ನಾನು ಅಂದುಕೊಂಡಿದ್ದೆ. ಅಪ್ಪ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಣಿಮಗ್ಗ ನೇಯುತ್ತಿದ್ದರೆ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಎಳೆ ಬಿಗಿಯಾಯಿತೋ ಸಡಿಲಾಯಿತೋ ಹೇಳಬಲ್ಲವಳಾಗಿದ್ದೆ. ಎಳೆ ಹರಿದದ್ದು ಅಪ್ಪನ ಕಣ್ಣಿಗೆ ಬೀಳುವ ಮೊದಲೇ ನನ್ನ ಕಿವಿಗೆ ಬೀಳುತ್ತಿತ್ತು.

ಎಂಜಿನ್ ಆರಿದ ಮೇಲೆ ಮಕ್ತುಮ್‌ಸಾಬರು ಸೂಜಿಯನ್ನು ಎರಡು ಕಚ್ಚು ಮೇಲಕ್ಕೆತ್ತಿ ಪೆಟ್ರೋಲಿಗೆ ದಾರಿ ಮಾಡಿದರು. ಗಾಳಿಯ ಸ್ಕ್ರೂವನ್ನು ಪೂರ್ತಿ ಮುಚ್ಚಿ, ಒಂದೂವರೆ ಸುತ್ತು ಬಿಚ್ಚಿ, ಕಿಕ್ ಹೊಡೆದರು. ಗಾಡಿ ಬೆಚ್ಚಗಾದ ಮೇಲೆ ಸ್ಕ್ರೂ ಕೂದಲೆಳೆಯಷ್ಟೇ ತಿರುಗತೊಡಗಿತು. ಮೊದಲು ಸದ್ದು ಮಂದವಾಗಿ, ಹೊಟ್ಟೆ ಬಿರಿಯುವಂತೆ ಉಂಡವರ ಹಾಗೆ ಏದುಸಿರು ಬಿಡುತ್ತಿತ್ತು. ಇನ್ನಷ್ಟು ಬಿಚ್ಚಿದಾಗ ಬಿಗಿ ಎಳೆಯ ಮಗ್ಗದಂತೆ ತಡವರಿಸಿತು. ಸ್ಕ್ರೂ ತುಸು ಹಿಂದಕ್ಕೆ ಬಂದಾಗ, ನಡುವೆ ಒಂದೆಡೆ ಮಗ್ಗದ ಲಾಳಿ ಸರಾಗವಾಗಿ ಅತ್ತಿಂದಿತ್ತ ಓಡುವ ಸದ್ದು ಬಂತು. ಸೌಟು ಇರಲಿಲ್ಲ, ಸುರುಳಿ ಸುತ್ತಿ ಹಿಡಿದಿದ್ದ ನನ್ನ ಸರ್ಟಿಫಿಕೇಟುಗಳಿಂದಲೇ ಚಾಚಾನ ಬೆನ್ನಿಗೆ ಒಂದು ಬಿಟ್ಟೆ. "ಬಸ್!"

ಅವರು ವೇಗದ ಸ್ಕ್ರೂ ಇಳಿಸಿ ಎಂಜಿನ್ ಶಾಂತ ಮಾಡಿ, ಟ್ಯಾಂಕಿನ ಮೇಲೆ ಅಂಗೈಯಿಟ್ಟು ನಡುಕ ನೋಡಿದರು. "ಖರೆ ಐತಿ. ನಮ್ಮ ಬೀಬಿ ಮೂರು ಸಲ ಹೊಡಿತಾಳ ತಂಗಿ. ನೀ ಒಂದ ಏಟಿಗೆ ಮುಗಿಸಿದಿ!"

ನಮ್ಮವರು ಹೆಗಲ ಟವೆಲ್ಲಿನಿಂದ ಗಾಡಿಯ ಸೀಟು ಒರೆಸತೊಡಗಿದರು.

ಬಾಗಲಕೋಟೆಯ ಕಚೇರಿ ಮುಟ್ಟಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಗಾಡಿ ಎಲ್ಲಿಯೂ ಕೆಂಡವಾಗಲಿಲ್ಲ. ಆದರೆ ಗೇಟಿನಲ್ಲಿ ನಾನೇ ಕಾರ್ಬುರೇಟರ್ ಕೆಟ್ಟ ಗಾಡಿಯ ಹಾಗೆ ನಿಂತುಬಿಟ್ಟೆ. ನಮ್ಮವರು ನನ್ನ ಮುಖ ನೋಡಿದರು. "ನಾ ಗಾಡಿ ಬಂದ್ ಮಾಡೂದಿಲ್ಲ. ಅದನ್ನ ಕೇಳ್ಕೋತ ಒಳಗ ಹೋಗು," ಎಂದರು.

ಒಳಗೆ ಮೂವರು ಅಧಿಕಾರಿಗಳು. ಮೊದಲ ಪ್ರಶ್ನೆ ಬಂದೊಡನೆ ಕಿವಿಯನ್ನು ಹೊರಗೆ ಕಳಿಸಿದೆ. ಕಿಟಕಿಯಾಚೆ ಅದೇ ಸದ್ದು, ಒಂದೇ ಸಮ, ಹೆಚ್ಚೂ ಅಲ್ಲ ಕಮ್ಮಿಯೂ ಅಲ್ಲ. ಉಸಿರನ್ನು ಅದರ ಹದಕ್ಕೆ ತಂದುಕೊಂಡೆ. ಮಾತು ತಾನಾಗಿ ಬಂತು. ಕಾಲು ಗಂಟೆಯ ನಂತರ ಹೊರಬಂದಾಗ ಆ ಮೂವರಿಗೆ ನಾನು ಸಾಲಿ ಟೀಚರ್ ಎನ್ನುವುದರಲ್ಲಿ ಅನುಮಾನ ಉಳಿದಿರಲಿಲ್ಲ, ನನಗಂತೂ ಮೊದಲೇ ಇರಲಿಲ್ಲ ಎಂದು ಈಗ ಹೇಳಿಕೊಳ್ಳುತ್ತೇನೆ.

ಬೇವಿನ ನೆರಳಿನಲ್ಲಿ ಗಾಡಿ ಇನ್ನೂ ಮಿಡಿಯುತ್ತಿತ್ತು. ತಿಂಗಳುಗಟ್ಟಲೆ ಹನಿಹನಿ ಉಳಿಸಿದ್ದನ್ನು ನಿಂತಲ್ಲೇ ಸುಡುತ್ತ, ನಮ್ಮವರು ಕುಕ್ಕರಗಾಲಲ್ಲಿ ಕೂತು ಎಂಜಿನ್ನಿಗೆ ಟವೆಲ್ಲಿನಿಂದ ಗಾಳಿ ಹಾಕುತ್ತಿದ್ದರು.

"ಪೆಟ್ರೋಲ್ ಹೋತಲ್ರಿ?" ಎಂದೆ.

"ಹೋಗಲಿ ಬಿಡು," ಎಂದರು ತಲೆ ಎತ್ತದೆ. "ಗಾಳಿ ಪುಕ್ಕಟ ಐತಿ."

ಇಷ್ಟು ಬರೆಯುವಷ್ಟರಲ್ಲಿ ಫೋನು ಮತ್ತೆ ಕಾದಿದೆ. ಕಿಟಕಿಯ ಕಟ್ಟೆಯ ಮೇಲಿಟ್ಟು ಸೆರಗಿನಿಂದ ಬೀಸುತ್ತಿದ್ದೆ. ಮೊಮ್ಮಗಳು ಬಿದ್ದು ಬಿದ್ದು ನಕ್ಕಳು. ನಗಲಿ. ಹೀಗೆ ಗಾಳಿ ಹಾಕುವುದನ್ನು ನಾನು ಅವಳ ಅಜ್ಜನಿಂದ ಕಲಿತೆ.