ಕನ್ನಡಿಯ ಕಡೆಗೆ ಓಡಿದ ರೈಲು

ವಯಸ್ಸಾಯಿತೆಂದು ಕ್ಷೌರದಂಗಡಿ ಮುಚ್ಚಿದಾಗ ಅವನು ಮನೆಗೆ ತಂದದ್ದು ಗೋಡೆಯ ದೊಡ್ಡ ಕನ್ನಡಿಯೊಂದನ್ನೇ. ಅದರಲ್ಲೊಂದು ತುಂಡು ಕತ್ತರಿಸಿ, ಹಿಂದಿನ ಕೋಣೆಯ ಮೇಜಿನ ಮೇಲೆ ತಾನು ಕಟ್ಟಿದ್ದ ಆಟದ ರೈಲಿನೂರಿನ ಕೊನೆಗೆ ನಿಲ್ಲಿಸಿದ. ಮೇಲಂಚು ರಟ್ಟಿನ ಸೇತುವೆಯಡಿ ಅಡಗಿತು, ಪಕ್ಕದಂಚುಗಳು ಸ್ಪಂಜಿನ ಮರಗಳ ಹಿಂದೆ ಮರೆಯಾದವು. ನೋಡುವವರ ಮುಖ ಕಾಣದಂತೆ ಗಾಜನ್ನು ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸಿದ. ಮೇಜಿನಗಲದ ಬೀದಿ ಕಣ್ಣು ಹಾಯುವಷ್ಟು ಉದ್ದವಾಯಿತು. ಅರವತ್ತಕ್ಕೆ ಅರಳುಮರಳು, ಕನ್ನಡಿಯೊಳಗಿನ ಗಂಟಿಗೆ ರೈಲು ಬಿಡುತ್ತಿದ್ದಾರೆ ಎಂದು ಹೆಂಡತಿ ಆಡಿಕೊಂಡಳು. ಬಂದವರನ್ನೆಲ್ಲ ಕರೆದು ತೋರಿಸುವವಳೂ ಅವಳೇ.

ಅವನಿಗೆ ಬೇಕಿದ್ದ ನೋಡುಗ ಒಬ್ಬನೇ, ಮಹಡಿಯ ಮೇಲಿನ ಅಣ್ಣ. ಜೀವಮಾನವಿಡೀ ರೈಲು ಓಡಿಸಿದ ಡ್ರೈವರ್ ಅವನು. ನಿವೃತ್ತನಾದಂದಿನಿಂದ ಕುರ್ಚಿ ಹಿಡಿದು ಗೋಡೆ ನೋಡುತ್ತಿದ್ದ. ಮಾತಿಲ್ಲ, ಕತೆಯಿಲ್ಲ. ಅತ್ತಿಗೆ ಹೇಳಿ ಹೇಳಿ ಸೋತಿದ್ದರು. ಒಮ್ಮೆ ಇದನ್ನು ನೋಡಿ ಭೇಷ್ ಎಂದರೆ ಸಾಕು, ಅಣ್ಣ ಮತ್ತೆ ಮನುಷ್ಯರ ನಡುವೆ ಬಂದಾನು ಎಂಬುದು ತಮ್ಮನ ಆಸೆ.

ಆ ಆಸೆಯೇ ಬುದ್ಧಿ ಕೆಡಿಸಿತು. ಮೊದಲು ಹಳಿ ಕನ್ನಡಿಯನ್ನು ಮುಟ್ಟುವ ಮುಂಚೆ ಮರಗಳ ಹಿಂದಕ್ಕೆ ತಿರುಗುತ್ತಿತ್ತು. ಅಣ್ಣನಿಗೆ ಉದ್ದನೆಯ ದಾರಿ ಕಾಣಲೆಂದು ಅದನ್ನು ಕಿತ್ತು, ನೆಟ್ಟಗೆ ಕನ್ನಡಿಗೇ ಹಾಯಿಸಿದ. ಅತ್ತಿಗೆ ಹೇಗೋ ಕಾಡಿ ಬೇಡಿ ಅಣ್ಣನನ್ನು ಕೆಳಗಿಳಿಸಿ ಮೇಜಿನ ಮುಂದೆ ಕೂರಿಸಿದರು. ತಮ್ಮ ಸ್ವಿಚ್ ಒತ್ತಿದ. ಎಂಜಿನ್ ದೀಪ ಹೊತ್ತಿಸಿಕೊಂಡು ಹೊರಟಿತು. ಕನ್ನಡಿಯೊಳಗಿಂದ, ಅದೇ ಹಳಿಯ ಮೇಲೆ, ಇನ್ನೊಂದು ದೀಪ ಎದುರಿಗೆ ಬಂತು.

ಅಣ್ಣ ಧಡಕ್ಕನೆ ಎದ್ದ. ಅವನ ಕೈ ಮೇಜಿನಂಚಿನಲ್ಲಿ ಇಲ್ಲದ ಬ್ರೇಕಿಗಾಗಿ ತಡಕಾಡಿ, ಕಡೆಗೆ ತಂತಿಯನ್ನೇ ಕಿತ್ತುಹಾಕಿತು. ರೈಲು ನಿಂತಿತು. ಒಳ್ಳೆಯದು ಮಾಡಲು ಹೋಗಿ ಇದ್ದಷ್ಟು ಅಣ್ಣನನ್ನೂ ಕಳೆದುಕೊಂಡೆ ಎಂದುಕೊಂಡ ತಮ್ಮ. ಅದು ಬರೀ ಕನ್ನಡಿ ಎಂದು ತೊದಲಿದ.

"ಕನ್ನಡಿ ಅಂತ ನಂಗೂ ಗೊತ್ತು ಕಣೋ, ಕೈಗೆ ಗೊತ್ತಾಗ್ಲಿಲ್ಲ" ಎಂದ ಅಣ್ಣ. "ಒಂದೇ ಲೈನಿಗೆ ಎರಡು ಗಾಡಿ ಬಿಡು ಅಂತ ನಿಂಗೆ ಯಾರು ಹೇಳಿದ್ರು? ತೆಗಿ ಮೊದ್ಲು. ತಿರುವು ಹಾಕು."

ಅಣ್ಣ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಬೈಯುತ್ತಲೇ ಇದ್ದ, ತಮ್ಮ ಹಳಿ ಬಿಚ್ಚುತ್ತಲೇ ಇದ್ದ. ಇಷ್ಟು ಖುಷಿಯಿಂದ ಅವನು ಯಾರ ಕೈಲೂ ಬೈಸಿಕೊಂಡಿರಲಿಲ್ಲ. ಊಟಕ್ಕೆ ಕರೆಯಲು ಬಂದ ಅತ್ತಿಗೆಗೆ ಅಣ್ಣ ತಲೆಯೆತ್ತದೆ ಹೇಳಿದ:

"ಈ ಗಾಡಿ ದಾಟಿಸಿ ಬರ್ತೀನಿ, ಇರು."

ಅತ್ತಿಗೆ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು.